ರಾಟೆಗೆ ಮೋಟಾರು ಕಟ್ಟಿದೆ!

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಟ್ರಾನ್ಸಿಸ್ಟರ್ ರೇಡಿಯೊ ಕೆಟ್ಟರೆ ಬಿಚ್ಚುವವನು ನಾನೊಬ್ಬನೇ. ಮತ್ತೆ ಜೋಡಿಸುವ ವಿಚಾರ ಬೇರೆ! ಇಷ್ಟು ಅನುಭವ ಸಾಲದೆ? ರೇಷ್ಮೆ ಸುತ್ತುವ ರಾಟೆಗೆ ಮೋಟಾರು ಕಟ್ಟುವುದೆಂದು ತೀರ್ಮಾನಿಸಿದೆ.

ಹಳೆಯ ಕಾರಿನ ಪುಟ್ಟ ಮೋಟಾರು, ಒಂದು ಬ್ಯಾಟರಿ, ನಡುವೆ ಟ್ರಾನ್ಸಿಸ್ಟರ್ ಕೂರಿಸಿದ ಹಲಗೆ. ಗುಂಡಿ ತಿರುಗಿಸಿದರೆ ಟ್ರಾನ್ಸಿಸ್ಟರಿಗೆ ಚೂರೇ ಚೂರು ಕರೆಂಟು ಹೋಗುತ್ತದೆ. ಅದಕ್ಕೆ ತಕ್ಕಂತೆ ಅದು ಮೋಟಾರಿಗೆ ಧಾರಾಳವಾಗಿ ಬಿಡುತ್ತದೆ. ಗುಂಡಿಯನ್ನು ಸೊನ್ನೆಗೆ ತಂದರೆ ಮೋಟಾರು ನಿಲ್ಲಲೇಬೇಕು. ಹಾಗಿರುವಾಗ ಬೇರೆ ಸ್ವಿಚ್ಚು ಯಾಕೆ, ದಂಡಕ್ಕೆ?

ಹೆಂಡತಿ ಪುಟ್ಟತಾಯಮ್ಮನಿಗೆ ಮಾತ್ರ ನಂಬಿಕೆಯಿಲ್ಲ. ಯಳಂದೂರಿನ ಮದುವೆಯೊಂದರ ಮುಹೂರ್ತದ ಸೀರೆ ನಮ್ಮ ಮಗ್ಗದಲ್ಲಿತ್ತು, ಸೆರಗು ನೇಯುವುದಷ್ಟೇ ಬಾಕಿ. ಅದಕ್ಕೆಂದು ಉಳಿದಿದ್ದ ಕುಂಕುಮ ಬಣ್ಣದ ರೇಷ್ಮೆ ನೂಲು ಒಂದೇ ಲಡಿ. ಮತ್ತೆ ಬಣ್ಣ ಹಾಕಿಸಿದರೆ ಅದೇ ಕೆಂಪು ಬರುವುದಿಲ್ಲ.

"ಬ್ಯಾಡ ಕಣ್ರೀ. ಮೊದ್ಲು ಬ್ಯಾರೆ ನೂಲ್ ಆಕಿ ನೋಡಿ."

"ವಿಜ್ಞಾನದ್ ಮ್ಯಾಲೆ ನಂಬ್ಕೆ ಮಡಿಕೊ ಕಣೇ!"

ಆ ಕೆಂಪು ಲಡಿಯನ್ನೇ ಹಾಕಿ ಗುಂಡಿ ತಿರುಗಿಸಿದೆ. ಮೋಟಾರು ಹಿತವಾಗಿ ತಿರುಗಿತು. ಲಾಳಿಗೆ ಹಾಕುವ ಕಂಡಿಕೆಗೆ ನೂಲು ನೀಟಾಗಿ ಸುತ್ತಿಕೊಳ್ಳತೊಡಗಿತು. ಆದರೆ ಕಂಡಿಕೆಗೆ ಸುತ್ತುವ ರೇಷ್ಮೆಯನ್ನು ನಾವು ನೀರಿನಲ್ಲಿ ಅದ್ದಿ ಒದ್ದೆ ಮಾಡಿಕೊಳ್ಳುತ್ತೇವೆ, ಅದು ತಾತನ ಕಾಲದ ಪದ್ಧತಿ. ಆ ನೀರು ಎಲ್ಲಿ ತೊಟ್ಟಿಕ್ಕುತ್ತದೋ ಸರಿಯಾಗಿ ಅಲ್ಲಿಯೇ ನನ್ನ ಹಲಗೆಯನ್ನು ಪ್ರತಿಷ್ಠಾಪಿಸಿದ್ದೆ!

ನೀರು ಬಿದ್ದದ್ದೇ ತಡ, ಕರೆಂಟು ಗುಂಡಿಯ ಅಪ್ಪಣೆ ಕೇಳದೆ ಸೀದಾ ಟ್ರಾನ್ಸಿಸ್ಟರಿಗೆ ನುಗ್ಗಿತು. ಮೋಟಾರು ಕಿರ್ರೆಂದಿತು.

"ಕಮ್ಮಿ ಮಾಡ್ರೀ!"

"ಸೊನ್ನೇಲೇ ಅದೆ ಕಣೇ!"

"ಸೊನ್ನೆ ಮನೆ ಆಳಾಗ! ನಿಲ್ಸಿ!"

ಹೇಗೆ ನಿಲ್ಲಿಸಲಿ? ಗಾಬರಿಯಲ್ಲಿ ಗುಂಡಿಯನ್ನು ಇನ್ನಷ್ಟು ತಿರುಚಿದೆ. ಗುಂಡಿ ಕಿತ್ತು ಕೈಗೇ ಬಂತು! ನೂಲು ಕಂಡಿಕೆ ಬಿಟ್ಟು ಮೋಟಾರಿಗೆ, ರಾಟೆಗೆ, ಕೊನೆಗೆ ನನ್ನ ಕನ್ನಡಕಕ್ಕೂ ಸುತ್ತಿಕೊಂಡಿತು. ಒಂದು ಹೆಣ್ಣಿನ ಮದುವೆ ಸೀರೆ ನನ್ನಿಂದ ಹಾಳಾಯಿತಲ್ಲ ಎಂದು ನಿಜಕ್ಕೂ ಅಳು ಬಂತು. ಪುಟ್ಟತಾಯಮ್ಮ ಬ್ಯಾಟರಿಯ ವೈರು ಕಿತ್ತೆಸೆದಳು. ಮೋಟಾರು ತೆಪ್ಪಗಾಯಿತು.

ಮಾರನೆಯ ಬೆಳಿಗ್ಗೆ ಮದುವೆ ಹುಡುಗಿಯ ತಂದೆ ಯಳಂದೂರು ಬಸ್ಸಿಳಿದು ಬಂದೇ ಬಿಟ್ಟರು. ಆಗ ನಾನು ನಡುಮನೆಯಲ್ಲಿ ಎರಡೂ ಕೈ ಚಾಚಿ ಕೂತಿದ್ದೆ. ಸಿಕ್ಕು ಬಿಡಿಸಿ, ತುಂಡಾದಲ್ಲೆಲ್ಲ ಗಂಟಿಕ್ಕಿದ ಲಡಿ ನನ್ನ ಕೈಗಳ ಮೇಲಿತ್ತು. ಹೆಂಡತಿ ರಾಟೆಯನ್ನು ಕೈಯಿಂದಲೇ ತಿರುಗಿಸುತ್ತಿದ್ದಳು.

"ಏನವ್ವ, ನಿಮ್ಮನೆಯೋರು ಮಿಷಿನ್ ಮಾಡವ್ರಂತೆ. ಎಲ್ಲವ್ವ ಅದು?"

"ಇದೇ ಕಣಣ್ಣ" ಎಂದು ನನ್ನನ್ನು ಕಣ್ಣಲ್ಲೇ ತೋರಿಸಿದಳು. "ಯೋಳ್ದಷ್ಟು ಬಿರ್ನೆ, ಯೋಳ್ದಷ್ಟು ನಿದಾನ. ಸಂಜೆ ಬಸ್ಸಿಗೆ ಸೀರೆ ತಕಂಡೋಗಿ."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಕರೆಂಟೂ ಬ್ಯಾಡ ಅನ್ನು!" ಎಂದರು.

ನನಗೆ ಮೂಗು ತುರಿಸುತ್ತಿತ್ತು. ಕೈ ಇಳಿಸಲು ಅಪ್ಪಣೆ ಇರಲಿಲ್ಲ.