ಕೆಸರಿನಡಿಯ ಕ್ಲೋವರ್

ಕುದುರೆ ಒಯ್ಯುವ ಗಾಡಿ ಮಧ್ಯಾಹ್ನ ಬರುವುದಿತ್ತು. ಕ್ಲೋವರ್ ಬೆಳಿಗ್ಗೆಯೇ ಕೆಸರಿನಲ್ಲಿ ಹೊರಳಿಬಿಟ್ಟಿದ್ದಳು.

ಏಪ್ರಿಲ್ ತಿಂಗಳಲ್ಲಿ ಹಿಮ ಕರಗಿ ವರ್ಮಾಂಟಿನ ರಸ್ತೆಗಳೇ ಗಂಜಿಯಾಗಿರುವಾಗ ಒಂದು ಗಿಡ್ಡ ಕುದುರೆ ಹೊರಳುವುದು ದೊಡ್ಡ ಸುದ್ದಿಯಲ್ಲ. ಆದರೆ ಥೆಲ್ಮಾಳ ಮಂಚದ ಮೇಲೆ ಸೂಟ್‌ಕೇಸು ಬಾಯ್ತೆರೆದು ಕೂತಿತ್ತು. ಗಂಡ ತೀರಿಕೊಂಡ ಮೇಲೆ ಮೊದಲ ಸಲ ಅವಳು ತಂಗಿಯ ಊರಿಗೆ, ಸಮುದ್ರ ನೋಡಲು ಹೊರಟಿದ್ದಳು. ಯಾರಿಗೂ ಹುಲ್ಲು ಹಾಕುವ ಚಿಂತೆಯಿಲ್ಲದೆ ಒಂದು ಬೆಳಿಗ್ಗೆ ಏಳಬೇಕು, ಅಷ್ಟೇ ಆಸೆ. ಆ ಖುಷಿಗೆ ಹೊಸ ಹಳದಿ ಸ್ವೆಟರನ್ನು ಆಗಲೇ ತೊಟ್ಟಿದ್ದಳು. ಇನ್ನು ಸವಾರಿ ಶಾಲೆಯ ಮಿಸೆಸ್ ಪ್ರೂಯಿಟ್ ಕ್ಲೋವರಳನ್ನು ನೋಡಿ ಒಯ್ಯಲು ಒಪ್ಪಿಕೊಂಡರೆ ಸರಿ.

“ಬಿಸಿನೀರು ಸುರಿಯೇ!” ಪಕ್ಕದ ಮನೆಯ ಬರ್ನಿಸ್ ಕೂಗಿದಳು.

“ಈ ಚಳೀಲಾ? ಸತ್ತೇ ಹೋಗತ್ತೆ. ಮಣ್ಣು ಒಣಗ್ಲಿ, ಆಮೇಲೆ ಉಜ್ಜು,” ಎಂದ ಎದುರುಮನೆಯ ಆರಿನ್. ಹೋದ ಮೇ ತಿಂಗಳಲ್ಲಿ ತನ್ನ ಗಂಡುಕುದುರೆ ಮುರಿದಿದ್ದ, ಆಮೇಲೆ ತಾನೇ ನೆಟ್ಟಗೆ ಮಾಡಿಕೊಟ್ಟಿದ್ದ ಥೆಲ್ಮಾಳ ಬೇಲಿಕಂಬಕ್ಕೇ ಒರಗಿ ಕಾಫಿ ಹೀರುತ್ತಿದ್ದ.

“ಮಳೆ ಹನೀತಿದೆ. ಎಲ್ಲಿ ಒಣಗ್ಸಲಿ, ನಿನ್ನ ತಲೆ ಮೇಲಾ?” ಎಂದಳು ಥೆಲ್ಮಾ.

ಅವಳು ಕ್ಲೋವರಳನ್ನು ಲಾಯಕ್ಕೆ ಎಳೆದು ಹೇರ್ ಡ್ರೈಯರ್ ಹಚ್ಚಿದಳು. ಫಟ್! ಫ್ಯೂಸು ಹೋಯಿತು. ಬೆದರಿದ ಕ್ಲೋವರ್ ಬಾಲ ಬೀಸಿದ್ದೇ ತಡ, ಹಳದಿ ಸ್ವೆಟರು ಚಿರತೆಯ ಚರ್ಮವಾಯಿತು. ಹಲ್ಲು ಕಚ್ಚಿ ಬ್ರಶ್ ಹಿಡಿದಳು. ಮಣ್ಣಿನ ಹೆಂಟೆಯ ಜೊತೆ ಚಳಿಗಾಲದ ರೋಮ ಕಂಬಳಿ ಕಂಬಳಿಯಾಗಿ ಉದುರಿತು. ಕ್ಲೋವರಳ ಹೊಟ್ಟೆ ಮಾತ್ರ ಇಳಿಯಲಿಲ್ಲ.

“ಸೋಫಾ ಇದ್ದಹಾಗಿದಾಳಲ್ಲೇ!” ಎಂದಳು ಬರ್ನಿಸ್.

“ಮೇವು ಕಡಿಮೆ ಮಾಡು ಅಂತ ಚಳಿಗಾಲವೆಲ್ಲ ಬಡ್ಕೊಂಡೆ,” ಎಂದ ಆರಿನ್.

ಅಷ್ಟರಲ್ಲಿ ಬ್ರಶ್ಶಿನಡಿಯಿಂದ ಏನೋ ಥೆಲ್ಮಾಳ ಅಂಗೈಗೆ ಒದೆಯಿತು. ಒಳಗಿನಿಂದ.

ಮಧ್ಯಾಹ್ನ ಗಾಡಿಯೊಂದಿಗೆ ಬಂದ ಮಿಸೆಸ್ ಪ್ರೂಯಿಟ್ ಬಗ್ಗಿ ನೋಡಿದವರು ಬೂಟು ಕೆಸರಿನಿಂದ ಕೀಳುತ್ತ ಎದ್ದು ನಿಂತರು. “ಕೆಚ್ಚಲು ತುಂಬಿದೆಯಲ್ರೀ! ಇವತ್ತೋ ನಾಳೆಯೋ ಮರಿ ಹಾಕತ್ತೆ. ನಾನು ಕೇಳಿದ್ದು ಮಕ್ಕಳನ್ನ ಕೂರಿಸೋ ಕುದುರೆ, ತುಂಬುಬಸುರಿಯಲ್ಲ.”

ಥೆಲ್ಮಾ, ಬರ್ನಿಸ್ ಇಬ್ಬರೂ ಆರಿನ್‌ನ ಕಡೆ ತಿರುಗಿದರು.

“ಆವತ್ತು ಬೇಲಿ ಮುರಿದಿದ್ದು ಹುಲ್ಲು ಮೇಯಕ್ಕೆ ಅಂದ್ಕೊಂಡಿದ್ದೆ,” ಎಂದು ಅವನು ಖಾಲಿ ಲೋಟದೊಳಗೆ ಇಣುಕಿದ.

ಗಾಡಿ ಬರಿದೇ ಮರಳಿತು. ಸಂಜೆಯ ಹೊತ್ತಿಗೆ ನಾಲ್ಕು ಕಡ್ಡಿ ಚುಚ್ಚಿದ ಆಲೂಗಡ್ಡೆಯಂಥ ಮರಿಯೊಂದು ತೂರಾಡುತ್ತ ಎದ್ದು ನಿಂತಿತು. ಥೆಲ್ಮಾ ಸ್ವೆಟರು ಕಳಚಿ ಅದರ ಮೈ ಒರೆಸಿದಳು. ಅದು ಸ್ವೆಟರಿನ ತೋಳೊಂದನ್ನು ಚೀಪತೊಡಗಿತು. ಗಂಡ ತೀರಿಕೊಂಡಾಗಿನಿಂದ ಒಳಗೇ ಕಾದಿದ್ದ ಅಳು ಬರುವ ಬದಲು ನಗು ಬಂತು. ಫೋನು ರಿಂಗಾಯಿತು.

“ಅಕ್ಕಾ, ಹೊರಟ್ಯಾ?”

“ಇಲ್ಲ ಕಣೆ. ನೀನೇ ಬಾ,” ಎಂದಳು ಥೆಲ್ಮಾ. “ಬರೋವಾಗ ಇನ್ನೊಂದು ಬ್ರಶ್ ತಗೊಂಬಾ.”