ತಕ್ಕಡಿ ಸಾಹೇಬರ ಮೂರನೇ ಬಿರಡೆ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಕೆಳಮನೆಯ ನರ್ಸಮ್ಮ ಒಂದು ಪುಟ್ಟ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದದ್ದೇ ಎಲ್ಲ ಅನಾಹುತಕ್ಕೆ ಮೂಲ.

"ತಗೊಳ್ಳಿ ಸಾಹೇಬ್ರೆ, ಗಿಟಾರಿನ ತಂತಿ ಬಿಗಿಯೋ ಬಿರಡೆ," ಎಂದು ಡಬ್ಬಿಯನ್ನು ಕೈಗೆ ತುರುಕಿದರು. "ಹೊಚ್ಚ ಹೊಸದು, ಆರೂ ಇದೆ. ನಮ್ಮ ತಮ್ಮ ತರಿಸಿದ್ದ. ಅಷ್ಟರಲ್ಲಿ ಅವನ ಗಿಟಾರ್ ಮೇಲೆ ಅವನ ಹೆಂಡ್ತಿ ಕೂತುಬಿಟ್ಲು. ಇನ್ನಾದ್ರೂ ನಿಮ್ಮ ಟೊಂಯ್ ಟೊಂಯ್ ನಿಲ್ಲಲಿ. ನಾನು ಪಾಳಿ ಮುಗಿಸಿ ಬಂದು ಮಲಗಿದ್ರೆ ಕನಸಲ್ಲೂ ಯಾರೋ ತಂತಿ ಬಿಗೀತಿರ್ತಾರೆ."

"ನನ್ನದು ಮಧ್ಯಮ ಬೆಲೆಯ ಗಿಟಾರು ನರ್ಸಮ್ಮ. ಅದಕ್ಕೆ ಇಷ್ಟು ಒಳ್ಳೆ ಬಿರಡೆ..."

"ಮಧ್ಯಮ ಬೆಲೆದಾದ್ರೆ ಶ್ರುತಿ ಬೇಡ್ವಾ? ಇವತ್ತು ಸಂಜೆ ನನಗೆ ಹಾಡು ಕೇಳಿಸ್ಬೇಕು, ಅಷ್ಟೆ."

ತೂಕ ಮತ್ತು ಅಳತೆ ಕಚೇರಿಯಲ್ಲಿ ಪರೀಕ್ಷಕರಾಗಿದ್ದ ಅವರನ್ನು ಊರೆಲ್ಲ ತಕ್ಕಡಿ ಸಾಹೇಬರೆಂದೇ ಕರೆಯುತ್ತಿತ್ತು. ವಯಸ್ಸು ನಲವತ್ತೊಂಬತ್ತು, ಒಬ್ಬರೇ. ಮನೆಯಲ್ಲಿ ಎರಡು ಕುರ್ಚಿ; ಎರಡನೆಯದರ ಮೇಲೆ ಇಸ್ತ್ರಿಯಾಗಬೇಕಾದ ಬಟ್ಟೆ ಕೂರುತ್ತಿತ್ತು. ಎರಡು ವರ್ಷದ ಹಿಂದೆ ಕೊಂಡ ಎಲೆಕ್ಟ್ರಿಕ್ ಗಿಟಾರಿನಲ್ಲಿ ಅವರಿಗೆ ಬರುತ್ತಿದ್ದುದು ಒಂದೂವರೆ ಹಾಡು. ಆ ಅರ್ಧ ಹಾಡಿಗೆ ಬರುವಷ್ಟರಲ್ಲಿ ಮೂರನೇ ಬಿರಡೆ ಸಡಿಲಗೊಂಡು ತಂತಿ ಶ್ರುತಿಯಿಂದ ಜಾರುತ್ತಿತ್ತು. ಹಾಗಾಗಿ ಪ್ರತಿ ಶನಿವಾರ ಮೂರು ಗಂಟೆಗೆ ಸರಿಯಾಗಿ ವಾದ್ಯ ರಿಪೇರಿಯ ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯ ಯಜಮಾನರು ಸ್ಕ್ರೂ ಬಿಗಿದು, ಶ್ರುತಿ ಹಚ್ಚಿ, ಚಹಾ ತರಿಸುತ್ತಿದ್ದರು. ಆಮೇಲೆ ಅರ್ಧ ಗಂಟೆ ಮಾತು. ವಾರದ ಉಳಿದ ನೂರ ಅರವತ್ತೇಳೂವರೆ ಗಂಟೆಗಳಲ್ಲಿ ತಕ್ಕಡಿಯ ವಿಷಯ ಅಥವಾ ಗದ್ದಲದ ವಿಷಯ ಬಿಟ್ಟು ಬೇರೇನನ್ನೂ ಯಾರೂ ಅವರೊಂದಿಗೆ ಮಾತಾಡುತ್ತಿರಲಿಲ್ಲ.

ಬಿರಡೆ ವಾರವಾರವೂ ಸಡಿಲವಾಗುತ್ತಿದ್ದುದಕ್ಕೆ ಕಾರಣ ಸರಳ. ಪ್ರತಿ ಭಾನುವಾರ ಸಾಹೇಬರೇ ಅದರ ಹಿಂದಿನ ಸ್ಕ್ರೂವನ್ನು ಎರಡು ಸುತ್ತು ಬಿಚ್ಚಿಡುತ್ತಿದ್ದರು. ಯಾವ ವ್ಯಾಪಾರಿಯೂ ಕೈಯಾಡಿಸದಂತೆ ಊರ ತಕ್ಕಡಿಗಳಿಗೆಲ್ಲ ಸೀಲು ಹೊಡೆಯುವವರು ತಮ್ಮ ಗಿಟಾರಿನಲ್ಲಿ ತಾವೇ ಕಳ್ಳತೂಕ ನಡೆಸುತ್ತಿದ್ದರು. ಮನಸ್ಸು ಚುಚ್ಚಿದಾಗ ಹೇಳಿಕೊಳ್ಳಲು ಒಂದು ಸಮಾಧಾನವೂ ಸಿದ್ಧವಿತ್ತು: ಶನಿವಾರ ಆ ಅಂಗಡಿಗೆ ತಮ್ಮನ್ನು ಬಿಟ್ಟರೆ ಒಂದು ನೊಣವೂ ಬರುವುದಿಲ್ಲ. ಪಾಪ, ಯಜಮಾನರು ಒಂಟಿ. ತಾವೂ ಹೋಗದಿದ್ದರೆ ಆ ಮನುಷ್ಯನ ಗತಿಯೇನು?

ಡಬ್ಬಿಯನ್ನು ದಾರಿಯಲ್ಲೆಲ್ಲಾದರೂ ಕಳೆದುಬಿಡಬೇಕೆಂದುಕೊಂಡರು. ಬೇಕಾದ ಪೆನ್ನು ವಾರಕ್ಕೆರಡು ಕಳೆಯುವವರಿಗೆ ಬೇಡದ ಡಬ್ಬಿ ಕಳೆಯಲಾಗಲಿಲ್ಲ. ಗಿಟಾರಿನೊಂದಿಗೆ ಅದೂ ಕಚೇರಿಗೆ ಬಂತು. ಅಲ್ಲಿ ಮೇಜಿನ ಮೇಲಿದ್ದುದೆಲ್ಲ ಕಚೇರಿಯ ಸ್ವತ್ತೆಂದು ನಂಬಿದ್ದ ಹೆಡ್ ಕ್ಲರ್ಕು ಮಧ್ಯಾಹ್ನ ಎರಡರ ಹೊತ್ತಿಗೆ ಡಬ್ಬಿ ತೆರೆದರು.

"ಓಹೋ! ಕೊನೆಗೂ ಬಿರಡೆ ಬದಲಾಯಿಸ್ತಿದ್ದೀರಾ?"

"ಇನ್ನೂ ಯೋಚನೆ ಮಾಡ್ತಿದ್ದೀನಿ."

"ಎರಡು ವರ್ಷ ಯೋಚನೆ ಮಾಡಿದ್ರೆ ಮನೆ ಕಟ್ಟಬಹುದು ಕಣ್ರೀ."

ಸಾಹೇಬರು ಒಂದು ಬಿರಡೆಯನ್ನು ಕಚೇರಿಯ ತಕ್ಕಡಿಗೆ ಹಾಕಿದರು. ನಲವತ್ತೊಂದು ಗ್ರಾಂ. "ನೋಡಿ. ಆರಕ್ಕೆ ಇನ್ನೂರ ನಲವತ್ತಾರು. ಗಿಟಾರಿನ ತಲೆ ಭಾರವಾಗಿ ಮುಂದಕ್ಕೆ ವಾಲುತ್ತೆ."

"ಸಾಹೇಬ್ರ ತಲೆ ವಾಲದಿದ್ರೆ ಸಾಕು."

"ಅಲ್ಲದೆ ಮಧ್ಯಮ ಬೆಲೆಯ ಗಿಟಾರಿಗೆ ಇಂಥ ಬಿರಡೆ ಹಾಕೋದು ಸೈಕಲ್ಲಿಗೆ ಲಾರಿ ಹಾರ್ನ್ ಕಟ್ಟಿದ ಹಾಗೆ."

"ಹಾರ್ನ್ ಆದ್ರೂ ಕೇಳಿಸುತ್ತೆ! ನಿಮ್ಮ ಗಿಟಾರಿನ ಸದ್ದು ನಾವು ಯಾವತ್ತಾದ್ರೂ ಕೇಳಿದ್ದೀವಾ? 'ಬಾರಿಸಿ' ಅಂದಾಗೆಲ್ಲ 'ಬಿರಡೆ ಸರಿಯಿಲ್ಲ'. ಏಳಿ, ನಾನೇ ಸ್ಕೂಟರಲ್ಲಿ ಬಿಡ್ತೀನಿ."

"ನಾನು ಹೋಗೋದು ಮೂರು ಗಂಟೆಗೆ."

"ರಿಪೇರಿಗೆ ಯಾವ ಮುಹೂರ್ತ? ಏಳಿ ಅಂದ್ರೆ!"

ಗಿಟಾರನ್ನು ತಬ್ಬಿಕೊಂಡು ಸ್ಕೂಟರಿನ ಹಿಂದೆ ಕೂತ ಸಾಹೇಬರು ಹಲ್ಲು ಕೀಳಿಸಿಕೊಳ್ಳಲು ಹೊರಟ ಮಗುವಿನಂತಿದ್ದರು. ದಾರಿಯುದ್ದಕ್ಕೂ ಯೋಚಿಸಿ ಉಪಾಯ ಕಂಡುಕೊಂಡರು: ಬಿರಡೆ ಕೂರುವ ತೂತಿನ ಅಳತೆ ಹೊಂದಲಿಲ್ಲವೆಂದು ಹೇಳಿ ಡಬ್ಬಿಯನ್ನು ನರ್ಸಮ್ಮನಿಗೇ ಹಿಂದಿರುಗಿಸುವುದು. ಅಳತೆಯ ವಿಷಯದಲ್ಲಿ ತಮ್ಮ ಮಾತನ್ನು ಯಾರು ತಾನೇ ಪ್ರಶ್ನಿಸುತ್ತಾರೆ?

ಹೆಡ್ ಕ್ಲರ್ಕು ಇಳಿಸಿ ಹೋದಾಗ ಎರಡು ಗಂಟೆ ಇಪ್ಪತ್ತು ನಿಮಿಷ. ಅಂಗಡಿಯ ಷಟರ್ ಎಳೆದಿತ್ತು, ಬೀಗ ಜೋತಿತ್ತು. ಪಕ್ಕದಂಗಡಿಯ ದರ್ಜಿ ಮೆಷಿನ್ನಿನ ಮೇಲೆ ಬಾಗಿ ಸೂಜಿಗೆ ದಾರ ಪೋಣಿಸುತ್ತಿದ್ದ.

"ಇವತ್ತು ತೆರೆದಿಲ್ವಾ?"

"ಶನಿವಾರ ಯಾವತ್ತೂ ತೆರೆಯಲ್ಲ ಸಾರ್," ಎಂದ ದರ್ಜಿ, ತಲೆಯೆತ್ತದೆ. "ಯಜಮಾನ್ರದ್ದು ದೊಡ್ಡ ಸಂಸಾರ. ಮಕ್ಕಳು, ಮೊಮ್ಮಕ್ಕಳು, ಶನಿವಾರ ಮನೆ ತುಂಬ ಜನ. ಬೇಕಿದ್ರೆ ಮೂರಕ್ಕೆ ಬನ್ನಿ, ಅರ್ಧ ಗಂಟೆ ಬಾಗಿಲು ತೆಗೀತಾರೆ. ಯಾರೋ ಒಬ್ಬರಿಗೋಸ್ಕರ."

"ಯಾರಿಗೋಸ್ಕರ?"

"ಯಾರೋ ಒಂಟಿ ಮನುಷ್ಯ ಅಂತೆ ಸಾರ್. ಅವನೇ ಸ್ಕ್ರೂ ಬಿಚ್ಕೊಂಡು ಬರ್ತಾನಂತೆ, ಇವರು ಬಿಗಿದು ಕಳಿಸ್ತಾರಂತೆ. 'ಮುಖಕ್ಕೆ ಹೇಳಬಾರದಾ ಯಜಮಾನ್ರೆ' ಅಂದೆ. 'ಹೇಳಿದ್ರೆ ನಾಚಿಕೊಂಡು ಬರೋದೇ ಬಿಟ್ಟುಬಿಡ್ತಾರೆ, ಪಾಪ' ಅಂದ್ರು."

ದಾರ ಸೂಜಿಯೊಳಗೆ ನುಸುಳಿತು. ದರ್ಜಿ ತಲೆಯೆತ್ತಿದ. ಗಿಟಾರಿನ ಚೀಲ ಕಂಡಿತು. ನುಸುಳಿದ ದಾರ ಮತ್ತೆ ಹೊರಬಂತು.

"ನೀವು... ಪ್ಯಾಂಟ್ ಹೊಲಿಸೋಕೆ ಬಂದ್ರಾ ಸಾರ್?" ಎಂದ ಕ್ಷೀಣವಾಗಿ.

ಸಾಹೇಬರು ಎದುರಿನ ಬಸ್ ನಿಲ್ದಾಣದ ಕಂಬದ ಹಿಂದೆ ನಿಂತರು. ಮೂರಕ್ಕೆ ಹತ್ತು ನಿಮಿಷವಿರುವಾಗ ಯಜಮಾನರು ಏದುಸಿರು ಬಿಡುತ್ತ ಬಂದು ಬೀಗ ತೆರೆದರು. ಮೇಜಿನ ಮೇಲೆ ನಾಲ್ಕು ಉಳಿಗಳನ್ನು ಹರಡಿದರು. ಡಬ್ಬದಿಂದ ಒಂದು ಹಿಡಿ ಮರದ ಹೊಟ್ಟು ತೆಗೆದು ಅವುಗಳ ಮೇಲೆ ಚೆಲ್ಲಿದರು. ಸ್ವಲ್ಪ ಯೋಚಿಸಿ, ಒಂದು ಚಿಟಿಕೆ ತಮ್ಮ ತೋಳಿಗೂ ಸವರಿಕೊಂಡರು.

ಗಂಟೆ ಮೂರಾಯಿತು.

"ಬನ್ನಿ ಬನ್ನಿ! ಬೆಳಿಗ್ಗೆಯಿಂದ ತಲೆಯೆತ್ತೋಕೂ ಪುರುಸೊತ್ತಿಲ್ಲ ನೋಡಿ," ಎಂದರು ಯಜಮಾನರು. ಅವರ ಅಂಗಿಯ ಬೆನ್ನಿಗೆ ಯಾವುದೋ ಮಗು ಬಳಪದಲ್ಲಿ ಗೀಚಿದ ಆನೆಯ ಕಾಗದವೊಂದು ಅಂಟಿತ್ತು. "ಏನು, ಮೂರನೇ ಬಿರಡೆನಾ?"

ಸಾಹೇಬರು ಡಬ್ಬಿಯನ್ನು ಹೊಟ್ಟಿನ ಮೇಲಿಟ್ಟರು. "ಆರೂ ಬದಲಾಯಿಸಿಬಿಡಿ."

ಯಜಮಾನರು ಡಬ್ಬಿಯನ್ನೂ ಅವರನ್ನೂ ನೋಡಿದರು. "ಯೋಚನೆ ಮಾಡಿದ್ದೀರಾ? ಇದು ತಂತಿಯನ್ನ ಒಳಗೇ ಕಚ್ಚಿ ಹಿಡಿಯುತ್ತೆ. ಮತ್ತೆ ಸಡಿಲ ಆಗೋ ಮಾತೇ ಇಲ್ಲ."

"ಅದಕ್ಕೇ."

"ಹತ್ತು ವರ್ಷ ಗ್ಯಾರಂಟಿ ಇರುತ್ತೆ," ಎಂದರು ಯಜಮಾನರು, ಎಚ್ಚರಿಸುವವರಂತೆ.

"ಇರಲಿ. ನಿಮಗೂ ಶನಿವಾರ ಬಹಳ ಕೆಲಸ."

ನಲವತ್ತು ನಿಮಿಷ ಹಿಡಿಯಿತು. ಚಹಾ ಬಂತು, ಇಬ್ಬರ ಲೋಟದಲ್ಲೂ ಕೆನೆಗಟ್ಟಿತು. ಕೊನೆಗೆ ಯಜಮಾನರು ಆರೂ ತಂತಿಗಳನ್ನು ಮೀಟಿದರು. ಸೀಲು ಹೊಡೆದ ತಕ್ಕಡಿಯಂತೆ ಶ್ರುತಿ ಅಲುಗಾಡದೆ ನಿಂತಿತು.

"ಬಾರಿಸ್ತಾ ಇರಿ," ಎಂದು ಕೈ ಹಿಡಿದುಕೊಂಡು, ಬಿಡಲು ಸ್ವಲ್ಪ ಹೊತ್ತು ತೆಗೆದುಕೊಂಡರು.

ಸಾಹೇಬರು ಹೊರಗೆ ಬಂದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಷಟರ್ ಇಳಿದ ಸದ್ದಾಯಿತು. ದರ್ಜಿ ಅಂಗಡಿಯಿಂದ ಓಡಿ ಬಂದ.

"ಸಾರ್, ನಿಮ್ಮ ಪ್ಯಾಂಟಿನ ಅಂಚು ಬಿಚ್ಚಿದ ಹಾಗಿದೆ. ಮುಂದಿನ ಶನಿವಾರ ತನ್ನಿ. ನಾನು ಇಡೀ ದಿನ ಇಲ್ಲೇ ಇರ್ತೀನಿ."

"ಹೊಲಿಗೆ ಗಟ್ಟಿಯಾಗಿದೆ," ಎಂದು ಸಾಹೇಬರು ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದರು. ಮರ್ಯಾದೆ ಎಂಬುದೊಂದಿದೆಯಲ್ಲ.

ಸಂಜೆ ಮನೆಯಲ್ಲಿ ಒಂದು ಹಾಡು ಬಾರಿಸಿದರು. ಆಮೇಲೆ ಅರ್ಧ ಹಾಡು. ಮೂರನೇ ತಂತಿ ಜಾರಲಿಲ್ಲ. ಇನ್ನುಳಿದ ಅರ್ಧ ಅವರಿಗೆ ಬರುತ್ತಿರಲಿಲ್ಲ.

"ಶ್ರುತಿ ಬಂಗಾರದ ಹಾಗಿದೆ ಸಾಹೇಬ್ರೆ!" ಕೆಳಗಿನಿಂದ ನರ್ಸಮ್ಮ ಕೂಗಿದರು. "ಯಾಕೆ ನಿಲ್ಲಿಸಿದ್ರಿ? ಮುಂದಕ್ಕೆ ಬಾರಿಸಿ!"

ಸಾಹೇಬರು ಗಿಟಾರನ್ನು ಎರಡನೇ ಕುರ್ಚಿಯ ಬಟ್ಟೆಗಳ ಮೇಲೆ ಮಲಗಿಸಿದರು. ಪ್ಯಾಂಟು ಬದಲಾಯಿಸಿ, ಅದರ ಅಂಚನ್ನು ದೀಪದ ಕೆಳಗೆ ಹಿಡಿದು ಇಂಚಿಂಚೂ ಪರೀಕ್ಷಿಸಿದರು. ದೋಷ ಎಲ್ಲೂ ಇರಲಿಲ್ಲ. ಆಮೇಲೆ ಬ್ಲೇಡು ತಂದು ಒಂದೊಂದಾಗಿ ಹೊಲಿಗೆ ಬಿಚ್ಚತೊಡಗಿದರು. ಹೆಚ್ಚು ಬಿಚ್ಚಿದರೆ ಅನುಮಾನ ಬಂದೀತೆಂದು ಎರಡೇ ಇಂಚಿಗೆ ನಿಲ್ಲಿಸಿದರು.