ಎಂಟನೆಯ ನಂಬರಿನ ಕೋಟು

ಇಷ್ಟಕ್ಕೆಲ್ಲ ಕಾರಣ ಒಂದು ಜಿಪ್ಪು. ಕಾಲೇಜಿನ ಸಭಾಂಗಣದ ಹಿಂದಿನ ಕೋಣೆಯಲ್ಲಿ ಸಾಲಾಗಿ ತೂಗುಹಾಕಿದ್ದ ಹನ್ನೆರಡು ಕರಿ ಚೀಲಗಳಲ್ಲಿ ಹನ್ನೊಂದರ ಜಿಪ್ಪು ಕತ್ತಿನವರೆಗೆ ಮುಚ್ಚಿತ್ತು. ಒಂದರದ್ದು ಮಾತ್ರ ಗೇಣುದ್ದ ತೆರೆದುಕೊಂಡಿತ್ತು. ಗುಂಡುಸೂಜಿ ಅದನ್ನು ಮುಚ್ಚಲೆಂದೇ ಹತ್ತಿರ ಹೋದ. ಹಾಗೆಂದು ಅವನು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಆದರೆ ಕೈ ಜಿಪ್ಪನ್ನು ಮೇಲಕ್ಕೆಳೆಯುವ ಬದಲು ಕೆಳಕ್ಕೆಳೆಯಿತು.

ಗುಂಡುಸೂಜಿ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಉಡುಪು ವಿನ್ಯಾಸದ ಕೊನೆಯ ವರ್ಷದಲ್ಲಿದ್ದ ಆ ಹುಡುಗ ಕೆಲಸ ಮಾಡುವಾಗ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದ. ಕೇಳಿದ್ದಕ್ಕೆಲ್ಲ 'ಹೂಂ', 'ಉಹೂಂ' ಎರಡೇ ಉತ್ತರ. ಹಾಗಾಗಿ ತರಗತಿಯವರು ಹೆಸರನ್ನು ಹೊಲಿದೇ ಬಿಟ್ಟಿದ್ದರು.

ತೆರೆದಿದ್ದ ಚೀಲ ಕ್ಯಾಪ್ಟನ್‌ಳದ್ದು. ಫ್ಯಾಶನ್ ಶೋ ತಂಡಕ್ಕೆ ಅವಳೇ ನಾಯಕಿ, ಮೈಕು ಹಿಡಿಯುವವಳೂ ಅವಳೇ. ಈ ಹುಡುಗಿಯ ವಿಷಯದಲ್ಲಿ ಗುಂಡುಸೂಜಿಯ ಹೊಟ್ಟೆಯಲ್ಲಿ ಮೂರು ವರ್ಷದಿಂದ ಒಂದು ಒಲೆ ಆರದೆ ಉರಿಯುತ್ತಿತ್ತು. ಕಿಟಕಿಯ ಪಕ್ಕದ ಒಳ್ಳೆಯ ಮಿಶನ್ನು ಅವಳಿಗೆ. ಮೇಡಂ ತರಗತಿಗೆಲ್ಲ ಎತ್ತಿ ತೋರಿಸುತ್ತಿದ್ದ ಕಾಲರು ಅವಳದ್ದು. ಅವಳ ಕತ್ತರಿ ಕೂಡ ಬಟ್ಟೆಯ ಮೇಲೆ ನೀರಿನಲ್ಲಿ ಹೋದಂತೆ ಹೋಗುತ್ತಿತ್ತು. ಒಂದು ದಿನ ಅವಳಿಲ್ಲದಾಗ ಅವನು ಆ ಕತ್ತರಿ ಹಿಡಿದು ನೋಡಿದ್ದ. ಅವನ ಕೈಯಲ್ಲಿ ಅದು ಸಾಮಾನ್ಯ ಕತ್ತರಿಯ ಹಾಗೇ ಕತ್ತರಿಸಿ ಅವನ ಹೊಟ್ಟೆ ಇನ್ನಷ್ಟು ಉರಿಯುವಂತೆ ಮಾಡಿತ್ತು.

ಕರಿ ಚೀಲಗಳ ಕಟ್ಟಳೆ ಈ ವರ್ಷದ್ದು. ಹಿಂದಿನ ವರ್ಷ ಎಲ್ಲರೂ ಒಂದೇ ಕೋಣೆಯಲ್ಲಿ ಹೊಲಿದು, ಒಬ್ಬರದನ್ನೊಬ್ಬರು ಕದ್ದು ನೋಡಿ, ಕೊನೆಗೆ ಹನ್ನೆರಡು ಉಡುಪಿಗೂ ಒಂದೇ ತೋಳು ಬಂದಿತ್ತು. ಮೇಡಂ ಈ ಸಲ ಖಡಾಖಂಡಿತವಾಗಿ ಹೇಳಿದ್ದರು: ಮನೆಯಲ್ಲಿ ಹೊಲಿಯಬೇಕು, ಚೀಲದಲ್ಲಿ ಮುಚ್ಚಿ ತರಬೇಕು, ಉಡುಪಿಗೆ ಹೆಸರಿರುವುದಿಲ್ಲ, ನಂಬರಿನ ಬಿಲ್ಲೆ ಮಾತ್ರ. ಯಾವ ನಂಬರ್ ಯಾರದ್ದೆಂದು ತಮಗಷ್ಟೇ ಗೊತ್ತಿರುತ್ತದೆ. ನಂಬರಿನಲ್ಲಿ ಕೈಯಾಡಿಸಿದವರು ಕೊನೆಯ ಪರೀಕ್ಷೆಗೇ ಕೂರುವಂತಿಲ್ಲ. ಪರದೆಯ ಹಿಂದೆ ನಿಂತು ಬಿಲ್ಲೆ ಚುಚ್ಚುವ ಕೆಲಸ ಯಾರಿಗೆ ಎಂಬ ಪ್ರಶ್ನೆ ಬಂದಾಗ ಇಡೀ ತರಗತಿ ಒಬ್ಬನ ಕಡೆಗೇ ತಿರುಗಿ ನೋಡಿತ್ತು.

ಅಂದು ಬೆಳಿಗ್ಗೆ ಇಸ್ತ್ರಿ ಸರಿಯಾಗಿದೆಯೇ ಎಂದು ನೋಡಲು ಕ್ಯಾಪ್ಟನ್ ಒಬ್ಬಳಿಗೆ ಚೀಲ ತೆರೆಯಲು ಅನುಮತಿ ಸಿಕ್ಕಿತ್ತು. ಗುಂಡುಸೂಜಿಯ ಚೀಲ ತೆರೆದು, ಅವನ ಎದುರೇ, ಅವಳು ತುಂಬ ಹೊತ್ತು ನೋಡುತ್ತ ನಿಂತಳು. ಒಳಗಿದ್ದದ್ದು ಬೂದುಬಣ್ಣದ ಒಂದು ಕೋಟು. ಹತ್ತಿ ತುಂಬಿ, ದಬ್ಬಳದಲ್ಲಿ ಅಡ್ಡಡ್ಡ ಗಂಟು ಹಾಕಿದ ಕೋಟು. ಸೋದರಮಾವನ ಹಾಸಿಗೆ ಅಂಗಡಿಯಲ್ಲೇ ಬೆಳೆದ ಹುಡುಗನ ಕೈಗೆ ಬೇರೇನು ಬಂದೀತು? ಕ್ಯಾಪ್ಟನ್ ಕೋಟಿನ ತೋಳನ್ನು ಒಮ್ಮೆ ಒತ್ತಿ ನೋಡಿ, ತಟಕ್ಕನೆ ಜಿಪ್ಪೆಳೆದು ಹೊರಟುಹೋದಳು. ಅವಳ ಕಣ್ಣಿಗೆ ಅದು ಹಾಸಿಗೆಯ ಹಾಗೇ ಕಂಡಿರಬೇಕೆಂದು ಅವನಿಗೆ ಖಾತ್ರಿಯಾಯಿತು. ಆ ಗಡಿಬಿಡಿಯಲ್ಲಿ ಅವಳು ತನ್ನ ಚೀಲದ ಜಿಪ್ಪು ಸರಿಯಾಗಿ ಮುಚ್ಚುವುದನ್ನು ಮರೆತಿದ್ದಳು.

ಈಗ ಆ ಚೀಲದೊಳಗಿನಿಂದ ಬೆಳಕು ಬಂದಂತಾಯಿತು. ನೆಲಮುಟ್ಟುವ ಗೌನು, ಹಿಂದೆ ಎರಡು ಮೊಳದ ಬಾಲ, ಮೈತುಂಬ ಚಮಕಿ. ಗುಂಡುಸೂಜಿಗೆ ಇದು ಗೆದ್ದೇ ಗೆಲ್ಲುತ್ತದೆ ಅನ್ನಿಸಿತು. ಗೆದ್ದರೆ ಬರೀ ಚಪ್ಪಾಳೆಯಲ್ಲ. ತೀರ್ಪು ಕೊಡಲು ಬರುತ್ತಿದ್ದವರು ದೊಡ್ಡ ಉಡುಪು ಕಾರ್ಖಾನೆಯ ಒಡತಿ. ಗೆದ್ದವರನ್ನು ತಮ್ಮ ವಿನ್ಯಾಸದ ವಿಭಾಗಕ್ಕೆ ನೇರವಾಗಿ ಸೇರಿಸಿಕೊಳ್ಳುವುದಾಗಿ ಅವರು ಮಾತು ಕೊಟ್ಟಿದ್ದರು. ಸೋತರೆ ಅವನ ಗತಿ ಏನೆಂದು ಮಾವ ಆಗಲೇ ತೀರ್ಮಾನಿಸಿಯಾಗಿತ್ತು. ನಾಳೆಯಿಂದಲೇ ಅಂಗಡಿಗೆ ಬಂದು ದಿಂಬು ಹೊಲಿಯುವುದು. ಜೀವನಪೂರ್ತಿ ನಾಲ್ಕು ಮೂಲೆ, ಅದರೊಳಗೆ ಹತ್ತಿ.

ಅವನ ನಂಬರ್ ಏಳು. ಅವಳ ಚೀಲಕ್ಕೆ ತೂಗುಬಿದ್ದಿದ್ದದ್ದು ಎಂಟು. ಅಕ್ಕಪಕ್ಕದ ಎರಡು ಬಿಲ್ಲೆ, ಒಂದೇ ಬಣ್ಣ, ಒಂದೇ ಅಳತೆ. ಉಡುಪುಗಳನ್ನು ಯಾರೂ ನೋಡಿಲ್ಲ. ತೊಡುವ ಹುಡುಗಿಯರು ಮೊದಲ ವರ್ಷದವರು, ಯಾವುದು ಯಾರದ್ದೆಂದು ಅವರಿಗೆ ತಿಳಿಯದು. ಕ್ಯಾಪ್ಟನ್ ಒಬ್ಬಳಿಗೆ ತಿಳಿದೀತು. ಆದರೆ ಮೈಕು ಹಿಡಿದು ಸಾವಿರ ಕಣ್ಣಿನ ಎದುರು ನಿಂತವಳು ನಡುವೆ ಜಗಳ ತೆಗೆದಾಳೆಯೇ? ಆಮೇಲೆ ತೆಗೆದರೆ ತನ್ನ ಮಾತು, ಅವಳ ಮಾತು. ಹೊಟ್ಟೆಕಿಚ್ಚಿಗೆ ಬುದ್ಧಿಯೂ ಇರುತ್ತದೆ, ಆದರೆ ಅದು ಮುಂದಿನ ಐದು ನಿಮಿಷದಾಚೆ ನೋಡುವುದಿಲ್ಲ. ಗುಂಡುಸೂಜಿ ಬಿಲ್ಲೆಗಳನ್ನು ಅದಲುಬದಲು ಮಾಡಿ ಜೇಬಿಗಿಳಿಸಿದ.

ಅಷ್ಟರಲ್ಲಿ ಬಾಗಿಲಲ್ಲಿ ಮಾವನ ತಲೆ ಕಾಣಿಸಿತು. ಒಳಗೆ ಬರಬಾರದೆಂದು ಹೊರಗೆ ಬರೆದು ಅಂಟಿಸಿದ್ದನ್ನು ಓದಿಯೇ ಅವರು ಒಳಗೆ ಬಂದಿದ್ದರು. ಹೆಗಲ ಮೇಲೆ ಒಂದೆರಡು ಎಳೆ ಹತ್ತಿ ಇನ್ನೂ ಕೂತಿತ್ತು.

"ನಂಬರ್ ಎಷ್ಟೋ ನಿಂದು? ಅಂಗಡಿ ಮುಚ್ಚಿ ಎಲ್ಲರನ್ನೂ ಕರ್ಕೊಂಡು ಬಂದಿದ್ದೀನಿ. ನಂಬರ್ ಹೇಳಿದ್ರೆ ಚಪ್ಪಾಳೆ ಬೀಳ್ಸೋ ಜವಾಬ್ದಾರಿ ನಂದು."

ಬಾಯಲ್ಲಿದ್ದ ಸೂಜಿಗಳ ನಡುವಿನಿಂದ ಗುಂಡುಸೂಜಿ "ಏಳು" ಅಂದ. ನಂಬರ್ ಹೇಳುವುದೂ ಕಟ್ಟಳೆಗೆ ವಿರುದ್ಧವೇ. ಆದರೆ ಬಾವಿಗೆ ಬಿದ್ದವನು ಅಂಗಿ ಒದ್ದೆಯಾಯಿತೆಂದು ಯೋಚಿಸುವ ಹೊತ್ತು ಅದಲ್ಲ. ಮಾವ ಅವನ ಬೆನ್ನು ತಟ್ಟಿ ಹೋದರು.

ಶೋ ಶುರುವಾಯಿತು. ಒಂದರಿಂದ ಆರರವರೆಗೆ ಎಲ್ಲವೂ ಸರಾಗ. ಏಳನೆಯವಳಾಗಿ ನಿಲ್ಲಿಸಿದ್ದು ಗೌನು ತೊಟ್ಟ ಎತ್ತರದ ಹುಡುಗಿಯನ್ನು. ಅವಳಿಗೆ ಗೆಳತಿಯರು ಕೊಕ್ಕರೆ ಎನ್ನುತ್ತಿದ್ದರು. ಗುಂಡುಸೂಜಿ ಸೊಂಟಕ್ಕೆ ಬಿಲ್ಲೆ ಚುಚ್ಚುತ್ತಿದ್ದಂತೆ ಅವಳು ಬಗ್ಗಿ ನೋಡಿದಳು.

"ಅಣ್ಣ, ಬೆಳಿಗ್ಗೆ ನಂಗೆ ಎಂಟು ಅಂದಿದ್ರು."

"ಮೇಡಂ ಬದಲಾಯಿಸಿದ್ರು."

"ಕ್ಯಾಪ್ಟನ್ ಅಕ್ಕಂಗೆ ಗೊತ್ತಾ? ಒಂದ್ಸಲ ಕೇಳ್ಕೊಂಡು ಬರ್ಲಾ?"

ಗುಂಡುಸೂಜಿ ಒಂದು ಸೂಜಿ ನುಂಗುವುದರಲ್ಲಿದ್ದ. ಅವಳನ್ನು ಮೆಲ್ಲಗೆ ಪರದೆಯಾಚೆ ದೂಡಿಬಿಟ್ಟ.

ಹೊರಗೆ ಕ್ಯಾಪ್ಟನ್‌ಳ ಧ್ವನಿ "ನಂಬರ್ ಏಳು" ಎಂದಿತು. ಆಮೇಲೆ ನಿಂತಿತು. ಪರದೆಯ ಸಂದಿನಿಂದ ಇಣುಕಿದ ಗುಂಡುಸೂಜಿಗೆ ಅವಳ ಮುಖ ಕಂಡಿತು. ಬಾಯಿ ಅರೆತೆರೆದಿತ್ತು. ಕಣ್ಣು ಗೌನಿನ ಮೇಲೆ, ಆಮೇಲೆ ಬಿಲ್ಲೆಯ ಮೇಲೆ, ಆಮೇಲೆ ನೇರವಾಗಿ ಪರದೆಯ ಮೇಲೆ. ಅವನು ಸಂದನ್ನು ಇನ್ನಷ್ಟು ಕಿರಿದು ಮಾಡಿಕೊಂಡ. ಈಗ ಹೇಳಿಬಿಡುತ್ತಾಳೆ ಎಂದುಕೊಂಡ.

ಅವಳನ್ನು ತಡೆದದ್ದು ಒಂದು ಚಮಕಿ. ಅದು ಗೌನಿನಿಂದ ಉದುರಿ ವೇದಿಕೆಯ ಹಲಗೆಯ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು. ದೀಪಗಳ ಬಿಸಿಗೆ ಅಂಟು ಕರಗುತ್ತಿತ್ತು. ಕೊಕ್ಕರೆ ಒಂದೊಂದು ಹೆಜ್ಜೆ ಇಟ್ಟಾಗಲೂ ಗೌನು ಹಿಡಿಯಷ್ಟು ಚಮಕಿ ಉದುರಿಸಿತು. ತಿರುಗುವ ಜಾಗದಲ್ಲಿ ಬಾಲ ಹಲಗೆಯ ಸಂದಿಗೆ ಸಿಕ್ಕಿಕೊಂಡಿತು. ಅವಳು ಎಳೆದಳು, ಅದು ಬರಲಿಲ್ಲ. ಜೋರಾಗಿ ಎಳೆದಳು, ಬಾಲವಷ್ಟೇ ಅಲ್ಲೇ ಉಳಿದು ಅವಳು ಬಂದಳು. ಬರುವಾಗ ಚಮಕಿಯ ಮೇಲೆ ಜಾರಿ, ವೇದಿಕೆಗೆ ತಾಗಿದ್ದ ತೀರ್ಪುಗಾರರ ಮೇಜನ್ನು ಹಿಡಿದುಕೊಂಡು ಸಾವರಿಸಿಕೊಂಡಳು. ಮೇಜಿನ ಮೇಲಿದ್ದ ನೀರಿನ ಲೋಟ ಒಡತಿಯ ಮಡಿಲಿಗೆ ಉರುಳಿತು.

ಸಭಾಂಗಣವೆಲ್ಲ ಬಿದ್ದು ಬಿದ್ದು ನಕ್ಕಿತು. ಆ ನಗೆಯ ನಡುವೆ ಹಿಂದಿನ ಸಾಲಿನಿಂದ ಭಾರೀ ಚಪ್ಪಾಳೆ. ಹಾಸಿಗೆ ಅಂಗಡಿಯವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಮಾವ ಒಬ್ಬರು ಮಾತ್ರ ಚಪ್ಪಾಳೆ ಅರ್ಧಕ್ಕೆ ನಿಲ್ಲಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕ್ಯಾಪ್ಟನ್ ತೆರೆದ ಬಾಯನ್ನು ಮೆಲ್ಲಗೆ ಮುಚ್ಚಿಕೊಂಡಳು. ಜಗತ್ತೇ ನಗುತ್ತಿರುವ ಗೌನು ನನ್ನದು ಎಂದು ಯಾರು ಹೇಳಿಯಾರು? ಅವಳು ಗಂಟಲು ಸರಿಮಾಡಿಕೊಂಡು, "ನಂಬರ್ ಎಂಟು" ಅಂದಳು.

ಬೂದುಬಣ್ಣದ ಕೋಟು ತೊಟ್ಟ ಗಿಡ್ಡ ಹುಡುಗಿ ಚಮಕಿಗಳನ್ನು ಬಳಸಿಕೊಂಡು ನಡೆದು ಬಂದಳು. ನಗೆ ತಾನಾಗಿ ಇಳಿಯಿತು. ಒದ್ದೆ ಮಡಿಲಿನಲ್ಲಿ ನಡುಗುತ್ತಿದ್ದ ಒಡತಿ ಕೈಯೆತ್ತಿ ಹುಡುಗಿಯನ್ನು ಹತ್ತಿರ ಕರೆದು, ಕೋಟಿನ ಅಂಚನ್ನು ಮುಟ್ಟಿ ನೋಡಿದರು. ಆಮೇಲೆ ಅದನ್ನು ಬಿಚ್ಚಿಸಿ ತಾವೇ ತೊಟ್ಟುಕೊಂಡು ಕೂತುಬಿಟ್ಟರು. ಒಂಬತ್ತರಿಂದ ಹನ್ನೆರಡರವರೆಗಿನ ಉಡುಪುಗಳನ್ನು ಅವರು ಆ ಕೋಟಿನೊಳಗಿನಿಂದಲೇ ನೋಡಿದರು. ಒಂದಕ್ಕೂ ಅವರು ಮುಂದಕ್ಕೆ ಬಾಗಲಿಲ್ಲ.

ಪರದೆಯ ಹಿಂದೆ ಗುಂಡುಸೂಜಿ ಗೋಡೆಗೆ ಒರಗಿ ನಿಂತಿದ್ದ. ಆ ಕೋಟಿನ ಮೇಲೆ ಅವನಿಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಆದರೆ ಅದರ ಸೊಂಟಕ್ಕೆ ಎಂಟನೆಯ ಬಿಲ್ಲೆ ಚುಚ್ಚಿದ್ದದ್ದು ಅವನದೇ ಕೈ.

ತೀರ್ಪು ಹೇಳಲು ಒಡತಿ ಕೋಟಿನಲ್ಲೇ ಎದ್ದರು. ಏಳನೆಯ ನಂಬರನ್ನು ಮಾಡಿದವರು ಮೊದಲು ಹಲಗೆ ಗುಡಿಸಿಕೊಡಬೇಕು, ಆಮೇಲೆ ಅಂಟಿನ ಬಗ್ಗೆ ಯಾರಿಂದಲಾದರೂ ಪಾಠ ಹೇಳಿಸಿಕೊಳ್ಳಬೇಕು ಎಂದರು. ಗೆದ್ದದ್ದು ಎಂಟು. ಇಷ್ಟು ವರ್ಷದಲ್ಲಿ ತೊಟ್ಟ ಮೇಲೆ ಬಿಚ್ಚಲು ಮನಸ್ಸಾಗದ ಉಡುಪು ಇದೊಂದೇ ಎಂದರು.

ಮೇಡಂ ವೇದಿಕೆಗೆ ಬಂದು ಕ್ಯಾಪ್ಟನ್‌ಳ ಹೆಸರು ಹೇಳುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಮಾವ ಎದ್ದು ನಿಂತರು.

"ಸ್ವಲ್ಪ ಇರಿ ಅಮ್ಮಾ. ಆ ಕೋಟು ನಮ್ಮ ಹುಡುಗಂದು. ಆ ಗಂಟು ನಮ್ಮಂಗಡಿ ಗಂಟು. ಹತ್ತಿ ನಾನೇ ಕೊಟ್ಟಿದ್ದು."

ಸಭಾಂಗಣದ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಮೇಡಂ ಹುಬ್ಬು ಗಂಟಿಕ್ಕಿ ಗುಂಡುಸೂಜಿಯನ್ನು ಕರೆಸಿದರು. ಅವನು ಬಾಯಲ್ಲಿ ಸೂಜಿ ಇಟ್ಟುಕೊಂಡೇ ಬೆಳಕಿಗೆ ಬಂದು ನಿಂತ. ಈ ಕೋಟು ನಿನ್ನದಾ ಎಂದು ಒಡತಿ ಮೃದುವಾಗಿ ಕೇಳಿದರು.

ಹೌದು ಎಂದರೆ ಮುಂದಿನ ಪ್ರಶ್ನೆ ಏನೆಂದು ಅವನಿಗೆ ಗೊತ್ತಿತ್ತು. ಏಳರ ಜಾಗದಲ್ಲಿ ಎಂಟು ಚುಚ್ಚಿದವರು ಯಾರು? ಬಿಲ್ಲೆ ಮುಟ್ಟುವ ಹಕ್ಕಿದ್ದದ್ದು ಇಡೀ ಕಾಲೇಜಿನಲ್ಲಿ ಒಬ್ಬನಿಗೆ. ಕೆಲಸ ಹೋಗಲಿ, ಪರೀಕ್ಷೆಯೂ ಹೋಗುತ್ತದೆ. ಅವನು ಕೋಟನ್ನು ನೋಡಿದ. ಮಾವನನ್ನು ನೋಡಿದ. ಮೈಕು ಹಿಡಿದು ಕಲ್ಲಿನಂತೆ ನಿಂತಿದ್ದ ಕ್ಯಾಪ್ಟನ್‌ಳನ್ನು ನೋಡಿದ.

"ಉಹೂಂ" ಅಂದ.

ಮಾವ ಮೆಲ್ಲಗೆ ಕೂತರು. ಅವರು ಕೂತ ರೀತಿ ನೋಡಿ ಗುಂಡುಸೂಜಿಗೆ ಕಣ್ಣಲ್ಲಿ ನೀರು ಬಂತು.

ಜನ ಕರಗಿದ ಮೇಲೆ ಅವನು ಹಲಗೆ ಗುಡಿಸುತ್ತಿದ್ದ. ಚಮಕಿಗೆ ಪೊರಕೆ ಎಂದರೆ ಲೆಕ್ಕಕ್ಕೇ ಇಲ್ಲ, ಒಂದು ಕಡೆಯಿಂದ ಗುಡಿಸಿದರೆ ಇನ್ನೊಂದು ಕಡೆ ಹೊಳೆಯುತ್ತಿತ್ತು. ಕ್ಯಾಪ್ಟನ್ ಬಂದು ಎದುರು ನಿಂತಳು.

"ನೀನೇ ಅಂತ ಗೊತ್ತು" ಅಂದಳು.

ಅವನು ಪೊರಕೆ ಆಡಿಸುತ್ತಲೇ ಇದ್ದ.

"ನನ್ನ ಗೌನ್ ಮೇಲೆ ಅಷ್ಟು ಆಸೆ ಇದ್ರೆ ಬೆಳಿಗ್ಗೇನೇ ಕೇಳಬಹುದಿತ್ತಲ್ಲ. ನಾನೇ ಕೊಡ್ತಿದ್ದೆ, ನಿನ್ನ ಕೋಟಿನ ಬದಲಿಗೆ. ಅದನ್ನ ನೋಡಿದಾಗಿನಿಂದ ಹೊಟ್ಟೆ ಉರಿದು ನಂಗೆ ಊಟ ಸೇರಿಲ್ಲ ಕಣೋ."

ಅವನು ತಲೆಯೆತ್ತುವಷ್ಟರಲ್ಲಿ ಅವಳು ಬಾಗಿಲ ಕಡೆ ನಡೆದಿದ್ದಳು. ಅಲ್ಲಿ ಮಾವ ಕಾಯುತ್ತಿದ್ದರು. ಇಬ್ಬರೂ ತಗ್ಗಿದ ಧ್ವನಿಯಲ್ಲಿ ಬಹಳ ಹೊತ್ತು ಏನೋ ಮಾತಾಡಿದರು. ನಡುನಡುವೆ ಮಾವ ಅಂಗೈಯಗಲಿಸಿ ಅಳತೆ ತೋರಿಸಿದರು, ಅವಳು ತಲೆಯಾಡಿಸಿದಳು. ಗುಂಡುಸೂಜಿಯ ಪೊರಕೆ ನಿಂತಿತು. ಹೇಳಿಬಿಟ್ಟಳೇನೋ ಎಂದು ಹೆದರಿದ. ಹೇಳಿಬಿಡಲಿ ಎಂದೂ ಅನ್ನಿಸಿತು.

ಮಾವ ಒಳಗೆ ಬಂದಾಗ ತೋಳಿನ ಮೇಲೆ ಆ ಬೂದುಬಣ್ಣದ ಕೋಟಿತ್ತು.

"ಕನ್ನಡಕ ಬದಲಾಯಿಸ್ಬೇಕು ಕಣೋ. ಅಷ್ಟು ಜನರ ಮುಂದೆ ನಿನ್ನ ಕೋಟು ಅಂದ್ಬಿಟ್ಟೆ. ಹಾಗಾದ್ರೆ ಆ ಉದುರೋ ಗೌನು ನಿಂದಾ?"

"ಹೂಂ."

"ಅಂಗಡೀಲಿ ಹೊಲೀತಿದ್ದ ಕೋಟು ಏನಾಯ್ತು?"

"ಬಿಚ್ಚಿಬಿಟ್ಟೆ, ಮಾವ. ಚೆನ್ನಾಗಿರ್ಲಿಲ್ಲ."

ಮಾವ ನಿಟ್ಟುಸಿರುಬಿಟ್ಟರು. ಆಮೇಲೆ ಮುಖ ಅರಳಿಸಿಕೊಂಡರು. ಆ ಹುಡುಗಿ ಒಳ್ಳೆಯವಳಂತೆ. ಕಾರ್ಖಾನೆಯ ಒಡತಿ ಇಂಥದ್ದೇ ಕೋಟು ಅಂಗಡಿಗಳಿಗೆಲ್ಲ ಕಳಿಸುತ್ತಾರಂತೆ. ಹತ್ತಿ ತುಂಬಿ ಗಂಟು ಹಾಕುವ ಕೆಲಸ ಯಾರಿಗೆ ಕೊಡೋಣ ಎಂದದ್ದಕ್ಕೆ ಅವಳು ನಮ್ಮ ಅಂಗಡಿಯನ್ನೇ ತೋರಿಸಿದಳಂತೆ. ವರ್ಷವಿಡೀ ಕೈತುಂಬ ಕೆಲಸ. ಕತ್ತಿನ ಪಟ್ಟಿಯ ಒಳಗೆ ಅವಳ ಹೆಸರು ಹೊಲಿಯಬೇಕು, ಅಷ್ಟೇ.

"ನಾಳೆ ಬೆಳಿಗ್ಗೆನೇ ಬಂದ್ಬಿಡು. ದಿಂಬು ಬೇಡ, ನಿಂಗೆ ಇದನ್ನೇ ಕೊಡ್ತೀನಿ" ಎಂದು ಮಾವ ಕೋಟನ್ನು ಅವನ ಕೈಗಿಟ್ಟರು. "ಸರಿಯಾಗಿ ತಿರುಗಿಸಿ ಮುರುಗಿಸಿ ನೋಡ್ಕೋ. ಗಂಟು ಹೆಂಗೆ ಹಾಕಿದ್ದಾಳೆ ನೋಡು. ಇದಕ್ಕೆ ಕೈಗುಣ ಬೇಕು ಕಣೋ. ಮನಸ್ಸಿಟ್ರೆ ನೀನೂ ಕಲೀತೀಯ."

ಗುಂಡುಸೂಜಿ ಕೋಟನ್ನು ದೀಪದ ಕೆಳಗೆ ಹಿಡಿದು ನೋಡಿದ. ಗಂಟುಗಳು ಒಂದರ ಕೆಳಗೊಂದು ನೇರವಾಗಿ ಕೂತಿದ್ದವು. ತೋಳು ಮೆತ್ತಗಿತ್ತು. ಎಲ್ಲೂ ಒಂದೆಳೆ ದಾರ ಹೊರಗಿಣುಕಿರಲಿಲ್ಲ. ನೋಡುತ್ತ ನೋಡುತ್ತ ಅವನಿಗೆ ಆ ಕೋಟು ಹೊಲಿದವನ ಮೇಲೆ ತಡೆಯಲಾರದಷ್ಟು ಹೊಟ್ಟೆಕಿಚ್ಚಾಯಿತು.